ಒಂದು ತಟ್ಟೆ ಹೆಚ್ಚಿಗೆ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಮನುಷ್ಯನ ಗುರುತು ಅವನ ಹೆಸರಲ್ಲ, ಅವನು ಹಿಡಿಯುವ ಲೋಕಲ್ ರೈಲಿನ ಹೊತ್ತು. ‘ಅವರಾ? ನಮ್ಮ ಏಳೂ ಐವತ್ತರವರು’ ಎಂದರೆ ಪರಿಚಯ ಮುಗಿಯಿತು. ಒಂದು ನಿಮಿಷ ತಡವಾದರೆ ಫಾಸ್ಟ್ ಹೋಯಿತು; ಫಾಸ್ಟ್ ಹೋದರೆ ಠಾಣೆಯಲ್ಲಿ ಐರೋಲಿಯ ಗಾಡಿ ಹೋಯಿತು; ಅಲ್ಲಿಗೆ ಅರ್ಧ ದಿನದ ರಜೆಗೆ ಸಂಚಕಾರ. ಹೀಗೆ ಗಡಿಯಾರದ ಆಳಾಗಿ ಬದುಕುವವನಿಗೆ, ಕಾಲವನ್ನೇ ಬೇಕಾದಂತೆ ಹಿಂದೆ ಮುಂದೆ ಓಡಿಸುವವನೊಬ್ಬನ ಕತೆ ನೋಡುವುದರಲ್ಲಿ ಸೇಡು ತೀರಿಸಿಕೊಂಡ ಸುಖವಿದೆ. ಡಿಸೆಂಬರ್ ಬಂತೆಂದರೆ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಕ್ರಿಸ್‌ಮಸ್ ಕಂತುಗಳನ್ನು ತೆಗೆದು ನೋಡುವುದು ನನ್ನ ಹವ್ಯಾಸ. ಹವ್ಯಾಸ ಅಂತ ನಾನು ಹೇಳುವುದು. ಮನೆಯವರು ಹುಚ್ಚು ಎನ್ನುತ್ತಾರೆ.

ಈ ಧಾರಾವಾಹಿ ಶುರುವಾದದ್ದು 1963ರ ನವೆಂಬರ್ 23ರಂದು. ಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. 1989ರಲ್ಲಿ ನಿಂತುಹೋಗಿ 2005ರಲ್ಲಿ ಮತ್ತೆ ಆರಂಭವಾಯಿತು. ಕಥಾನಾಯಕನಿಗೆ ಡಾಕ್ಟರ್ ಎಂಬುದಷ್ಟೇ ಹೆಸರು. ಸಾಯುವ ಹೊತ್ತಿಗೆ ಸಾಯದೆ ಬೇರೊಂದು ಮೈ ತಳೆಯುತ್ತಾನೆ, ನಟ ಬದಲಾಗುತ್ತಾನೆ, ಕತೆ ಮುಂದುವರಿಯುತ್ತದೆ. ಅವನ ವಾಹನ ಲಂಡನ್ನಿನ ಹಳೆಯ ಕಾಲದ ಒಂದು ನೀಲಿ ಪೊಲೀಸ್ ಪೆಟ್ಟಿಗೆ. ಹೊರಗಿನಿಂದ ಒಬ್ಬರು ನಿಲ್ಲುವಷ್ಟು ಜಾಗ, ಬಾಗಿಲು ತೆರೆದರೆ ಒಳಗೆ ಅರಮನೆಯಷ್ಟು ವಿಸ್ತಾರ. ಒನ್ ರೂಮ್ ಕಿಚನ್ನಿನಲ್ಲಿ ಸಂಸಾರ ಹೂಡಿ, ಊರಿಂದ ಬಂದ ನೆಂಟರನ್ನೂ ಮಲಗಿಸಿದವರಿಗೆ ಆ ಪೆಟ್ಟಿಗೆಯ ಮೇಲೆ ಹುಟ್ಟುವ ಆಸೆ ಬೇರೆಯವರಿಗೆ ಅರ್ಥವಾಗಲಾರದು.

ಆ ಪೆಟ್ಟಿಗೆ ಬರುವಾಗ, ಹೋಗುವಾಗ ಒಂದು ಸದ್ದು ಕೇಳುತ್ತದೆ: ಎಳೆದೆಳೆದು ಏದುಸಿರು ಬಿಡುವಂಥ ಕರಕರ. ಬ್ರಯಾನ್ ಹಾಡ್ಜ್‌ಸನ್ ಎಂಬ ಧ್ವನಿತಂತ್ರಜ್ಞ ಹಳೆಯ ಪಿಯಾನೊ ಒಂದರ ದಪ್ಪ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಉಜ್ಜಿ ಅದನ್ನು ಮಾಡಿದ್ದ. ಆಮೇಲೆ ಟೇಪಿನಲ್ಲಿ ತಿರುಗಿಸಿ ಮುರುಗಿಸಿದ್ದು ಬೇರೆ ಮಾತು. ಕಾಲವನ್ನೇ ಸೀಳಿಕೊಂಡು ಹೋಗುವ ಯಂತ್ರದ ಶಬ್ದಕ್ಕೆ ಮನೆಯ ಕೀಲಿಕೈ ಸಾಕಾಯಿತು! ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಲೋಹಕ್ಕೆ ಲೋಹ ತಾಗುವುದು ಈಗಲೂ ಗೊತ್ತಾಗುತ್ತದೆ. ನಾನು ಆ ಜಾಗ ಬಂದಾಗ ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳುತ್ತೇನೆ.

2005ರಲ್ಲಿ ಮರಳಿದ ಡಾಕ್ಟರ್ ಹಳೆಯ ಗೆಲುವಿನ ಮನುಷ್ಯನಲ್ಲ. ನಡುವೆ ಒಂದು ಮಹಾಯುದ್ಧ ಆಗಿಹೋಗಿದೆ. ಅದನ್ನು ನಿಲ್ಲಿಸಲು ಶತ್ರುಗಳ ಜೊತೆಗೆ ತನ್ನವರನ್ನೂ ತಾನೇ ಸುಟ್ಟೆ ಎಂಬ ಭಾರ ಹೊತ್ತು ತಿರುಗುತ್ತಾನೆ. ಇವನನ್ನು ಮೊದಲು ನೋಡಿದಾಗಲೇ ಅಜ್ಜಿ ಹೇಳುತ್ತಿದ್ದ ಮುಚುಕುಂದ ನೆನಪಾದ. ದೇವತೆಗಳ ಪರವಾಗಿ ಯುಗಗಟ್ಟಲೆ ಕಾದಿದ ರಾಜ. ಯುದ್ಧ ಮುಗಿಸಿದಾಗ ಹೆಂಡತಿ, ಮಕ್ಕಳು, ಮಂತ್ರಿಗಳು ಎಲ್ಲರೂ ಕಾಲದ ಪಾಲು. ವರ ಕೇಳು ಎಂದರೆ ಅವನು ಕೇಳಿದ್ದು ನಿದ್ದೆ. ಗುಹೆಯಿಂದ ಎದ್ದು ಬರುವಷ್ಟರಲ್ಲಿ ಮನುಷ್ಯರೂ ಮರಗಳೂ ಗಿಡ್ಡವಾಗಿದ್ದವು. ಭಾಗವತ ಅವನಿಗೆ ಕೃಷ್ಣನ ದರ್ಶನ ಮಾಡಿಸಿ ಬದರಿಗೆ ಕಳಿಸಿತು. ಬಿಬಿಸಿಯವರ ಬಳಿ ಕೃಷ್ಣನಿರಲಿಲ್ಲ; ಕ್ರಿಸ್‌ಮಸ್ ಊಟ ಇತ್ತು.

ಯುದ್ಧ ನಮ್ಮ ಈ ಕಡೆಗೇನೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆಂದು ಕಲ್ಯಾಣದ ಪಕ್ಕ ಬಿಡಾರ ಎದ್ದಿತು. ದೇಶ ಒಡೆದಾಗ ಸಿಂಧ್‌ನಿಂದ ಬಂದವರು ಆ ಬ್ಯಾರಕ್ಕುಗಳಲ್ಲೇ ಒಲೆ ಹೂಡಿದರು. 1949ರಲ್ಲಿ ಅದು ಉಲ್ಹಾಸನಗರವಾಯಿತು. ಇವತ್ತಿಗೂ ಅಲ್ಲಿ ವಿಳಾಸ ಹೇಳುವುದು ಕ್ಯಾಂಪ್ ನಂಬರಿನಿಂದಲೇ. ಯುದ್ಧಕ್ಕೆ ಕಟ್ಟಿದ್ದು ಸಂಸಾರಕ್ಕೆ ಒದಗುವುದುಂಟು.

ಕ್ರಿಸ್‌ಮಸ್ ಕಂತುಗಳಲ್ಲಿ ನನಗೆ ರುಚಿಸುವುದೂ ಇದೇ. 2005ರ ಕಂತಿನಲ್ಲಿ ಡಾಕ್ಟರ್ ನೈಟ್ ಡ್ರೆಸ್ಸಿನಲ್ಲೇ ಕತ್ತಿ ಹಿಡಿದು ಭೂಮಿ ಉಳಿಸುತ್ತಾನೆ. ಅದಲ್ಲ ಮುಖ್ಯ. ಆಮೇಲೆ ಬಡಾವಣೆಯ ಪುಟ್ಟ ಫ್ಲ್ಯಾಟಿನಲ್ಲಿ ಕಾಗದದ ಕಿರೀಟ ತೊಟ್ಟು ಊಟಕ್ಕೆ ಕೂರುತ್ತಾನಲ್ಲ, ಅದು. 2006ರಲ್ಲಿ ಊಟಕ್ಕೆ ಕರೆದರೆ ನೆಪ ಹೇಳಿ ಜಾರಿಕೊಳ್ಳುತ್ತಾನೆ. 2011ರಲ್ಲಿ ಗೆಳೆಯರ ಬಾಗಿಲು ತಟ್ಟುತ್ತಾನೆ. ಆ ಮನೆಯ ಗೆಳತಿ ನೀರಿನ ಪಿಸ್ತೂಲು ಹಿಡಿದೇ ಬಾಗಿಲು ತೆರೆಯುತ್ತಾಳೆ; ಇಷ್ಟು ದಿನ ಎಲ್ಲಿದ್ದೆ ಎಂಬ ಸಿಟ್ಟು. ಒಳಗೆ ಮೇಜಿನ ಮೇಲೆ ಅವನದೊಂದು ಜಾಗ. ಇವನು ಬರುತ್ತಾನೆಂದು ಗೊತ್ತಾಗಿ ಹಾಕಿದ್ದಲ್ಲ, ಪ್ರತಿ ಸಲ ಹಾಕುವುದೇ ಹಾಗೆ. ಅವರು ಒಳಗೆ ಹೋದಮೇಲೆ ಅವನು ಕೆನ್ನೆಯ ಹನಿಯನ್ನು ಬೆರಳಲ್ಲಿ ತೆಗೆದು, ಇದೇನಿದು ಎಂಬಂತೆ ನೋಡಿಕೊಳ್ಳುತ್ತಾನೆ. 2017ರ ಕಂತಿನಲ್ಲಿ ಸಾಯಲಿದ್ದ ಸೈನಿಕನೊಬ್ಬನನ್ನು ಕೆಲವು ಗಂಟೆ ಸರಿಸಿ, 1914ರ ಡಿಸೆಂಬರಿನಲ್ಲಿ ನಿಜವಾಗಿಯೂ ನಡೆದ ಕ್ರಿಸ್‌ಮಸ್ ಯುದ್ಧವಿರಾಮದೊಳಕ್ಕೆ ಇಳಿಸುತ್ತಾರೆ. ಅದೂ ಒಳ್ಳೆಯದೇ. ಆದರೂ ನನ್ನ ಓಟು 2011ರ ತಟ್ಟೆಗೆ.

ಆ ತಟ್ಟೆ ನನಗೆ ಪರಿಚಯದ್ದು. ನಮ್ಮ ಮಹಡಿಯಲ್ಲಿ ಮಂಗಳೂರು ಕಡೆಯ ಬಾಯಮ್ಮ ಒಬ್ಬರಿದ್ದಾರೆ. ಡಿಸೆಂಬರ್ 24ರ ಸಂಜೆ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್ ತುಂಬಿದ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಗಳು ಅವರ ಮನೆಯಿಂದ ಹೊರಡುತ್ತವೆ. ವಾಚ್‌ಮನ್‌ಗೂ ಒಂದು, ರಾತ್ರಿ ಪಾಳಿ ಮುಗಿಸಿ ಬಂದು ಬೀಗ ತೆಗೆಯುವ ಒಂಟಿ ಹುಡುಗನಿಗೂ ಒಂದು. ‘ಇಷ್ಟೆಲ್ಲ ಯಾಕೆ ಬಾಯಮ್ಮಾ?’ ಎಂದರೆ, ‘ತಕೊಳ್ಳಿ ಮಾರಾಯ್ರೆ. ನಿಮ್ಮ ಪಾಲು ತೆಗೆದಿಡದೆ ನಾವು ತಿನ್ನುವುದುಂಟಾ?’ ಎನ್ನುತ್ತಾರೆ. ನೆವ್ರಿಯ ಅಂಚಿನ ನಿರಿಗೆ ಅಷ್ಟು ಅಚ್ಚುಕಟ್ಟು, ಮುರಿಯಲು ಮನಸ್ಸೇ ಬರುವುದಿಲ್ಲ. ಕಂತು ಹಚ್ಚಿದ ಮೇಲೆ ಬರುತ್ತದೆ. ಒಳಗಿನ ಎಳ್ಳು, ಕೊಬ್ಬರಿ ಮಡಿಲಿಗೆ ಉದುರುತ್ತದೆ.

ಒಂದು ಊಟದಿಂದ ಡಾಕ್ಟರನ ಗಾಯ ಮಾಯುವುದಿಲ್ಲ. ಮುಂದಿನ ವರ್ಷ ಮತ್ತೆ ಒಬ್ಬನೇ ಬರುತ್ತಾನೆ, ಮತ್ತೆ ಯಾರೋ ಕರೆಯುತ್ತಾರೆ. ಹಬ್ಬ ವರ್ಷವರ್ಷವೂ ಬರುವುದು ಇದಕ್ಕೇ ಇರಬೇಕು ಎಂದು ನನಗೆ ಅನಿಸಿದೆ. ನಿಮಗೂ ಈ ರುಚಿ ಹತ್ತಿಸಿಕೊಳ್ಳುವ ಮನಸ್ಸಿದ್ದರೆ 2005ರ ಕಂತಿನಿಂದ ಶುರು ಮಾಡಿ, 2006ರದ್ದು ನೋಡಿ, ಆಮೇಲೆ 2011ಕ್ಕೆ ಬನ್ನಿ. ಒಬ್ಬರೇ ಕೂತು ಮಾತ್ರ ನೋಡಬೇಡಿ. ಮಹಡಿಯಲ್ಲಿ ಒಬ್ಬರೇ ಇರುವವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಬೆಲ್ ಒತ್ತಿ. ‘ಬೇಡ, ಕೆಲಸವಿದೆ’ ಎನ್ನುತ್ತಾರೆ. ಡಾಕ್ಟರೂ ಹಾಗೇ ಅಂದಿದ್ದ, ಇನ್ನೊಮ್ಮೆ ಕರೆಯಿರಿ.