ಮೋದೆನಾದ ಕೆಂಪು ಕಾರು, ಯಜಮಾನರ ಲೆಕ್ಕದ ಪುಸ್ತಕ

ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಇಟಲಿಯ ಕಾರಿತ್ತು. ಹುಬ್ಬೇರಿಸಬೇಡಿ, ಅದು ಫಿಯೆಟ್. ಇಟಲಿಯಲ್ಲಿ ಹುಟ್ಟಿದ ಫಿಯೆಟ್ 1100 ಮಾದರಿಯನ್ನು ಮುಂಬಯಿಯಲ್ಲಿ ತಯಾರಿಸುತ್ತಿದ್ದರು. ಮುಂದೆ ಅದೇ ಪ್ರೀಮಿಯರ್ ಪದ್ಮಿನಿಯಾಯಿತು. ಅಪ್ಪ 1982ರಲ್ಲಿ ಶಿವಮೊಗ್ಗದಲ್ಲಿ ಅಂಥದೊಂದು ಹಳೆಯ ಕಾರು ಕೊಂಡರು. ಬಣ್ಣ ಹೊಸದು, ಸೀಟಿನ ಬಟ್ಟೆ ಹೊಸದು. ಒಳಗೆ ಏನಿದೆಯೆಂದು ಯಾರೂ ನೋಡಲಿಲ್ಲ. ಕಾರಿನ ತಪ್ಪೇನೂ ಇರಲಿಲ್ಲ. ಮಾರಿದವನು ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದ. ಎಂಟೇ ತಿಂಗಳಲ್ಲಿ ಎಂಜಿನ್ ಪೂರ್ತಿ ಬಿಚ್ಚಿಸಬೇಕಾಯಿತು. ಅದಕ್ಕೆ ಹೋದದ್ದು ಅಕ್ಕನ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣ. ಅಕ್ಕ ಒಂದು ವರ್ಷ ಮನೆಯಲ್ಲಿ ಕುಳಿತಳು. ಅಪ್ಪನನ್ನು ಅವಳು ಎಂದೂ ದೂರಲಿಲ್ಲ. ಆದರೆ ಇಂದಿಗೂ ಮನೆಯಲ್ಲಿ ಕಾರಿನ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ.

ಅಂಥ ಅಕ್ಕ ಒಂದು ರಾತ್ರಿ ತಾನಾಗಿಯೇ ಫೋನ್ ಮಾಡಿ ಕಾರಿನ ವಿಷಯ ಎತ್ತಿದಳು. "ಇಟಲಿಯಲ್ಲಿ ಓದಿಸಿದ್ದು ಸಾಲದು ಅಂತ ಇವನು ಫೆರಾರಿ ಕೊಳ್ತಾನಂತೆ ಕಣೋ. ಹಳೇದಂತೆ. ನೀನು ಹೇಗೂ ಆ ಕಡೆ ಹೋಗ್ತೀಯಲ್ಲ, ಸ್ವಲ್ಪ ಬುದ್ಧಿ ಹೇಳಿ ಬಾ."

ಇವನು ಎಂದರೆ ಅವಳ ಮಗ, ನನ್ನ ಸೋದರಳಿಯ. ಮೋದೆನಾದಲ್ಲಿ ವಾಹನ ಎಂಜಿನಿಯರಿಂಗ್ ಓದಿ, ಅಲ್ಲೇ ಎಂಜಿನ್ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಊರಿನ ಬ್ಯಾಂಕಿನಲ್ಲಿ ಓದಿನ ಸಾಲ ಅರ್ಧ ಹಾಗೆಯೇ ಇದೆ. ನನಗೆ ಆ ತಿಂಗಳು ಮಿಲಾನಿನಲ್ಲಿ ಕೆಲಸವಿತ್ತು. ಶನಿವಾರ ಬೆಳಿಗ್ಗೆ ರೈಲು ಹತ್ತಿದೆ.

ಬಯಲಿನ ಊರು

ಮಿಲಾನಿನಿಂದ ಮೋದೆನಾಗೆ ಹೋಗುವ ದಾರಿಯುದ್ದಕ್ಕೂ ಪೋ ನದಿಯ ಬಯಲು. ತಟ್ಟೆಯ ಹಾಗೆ ಸಮತಟ್ಟು. ಗೋಧಿ, ಜೋಳ, ದ್ರಾಕ್ಷಿ ತೋಟ, ದನದ ಕೊಟ್ಟಿಗೆ. ಪಾರ್ಮೆಸಾನ್ ಗಿಣ್ಣು ಹುಟ್ಟಿದ್ದು ಈ ಸೀಮೆಯಲ್ಲಿ. ಮೋದೆನಾದ ಮನೆಗಳ ಅಟ್ಟದಲ್ಲಿ ಮರದ ಪೀಪಾಯಿಗಳು ಸಾಲಾಗಿರುತ್ತವೆ. ದ್ರಾಕ್ಷಾರಸವನ್ನು ಕುದಿಸಿ ಅವುಗಳಲ್ಲಿ ತುಂಬಿ, ಕಡಿಮೆಯೆಂದರೆ 12 ವರ್ಷ ಕಾದರೆ ಇಲ್ಲಿನ ಸಾಂಪ್ರದಾಯಿಕ ವಿನೆಗರ್ ಸಿದ್ಧವಾಗುತ್ತದೆ. ಇಷ್ಟು ನಿಧಾನದ ಜನ ಜಗತ್ತಿನ ಅತಿ ವೇಗದ ಕಾರುಗಳನ್ನು ಹೇಗೆ ಮಾಡಿದರು ಎಂದು ಮೊದಲು ಅಚ್ಚರಿಯಾಗುತ್ತದೆ.

ಉತ್ತರವೂ ಈ ಬಯಲಿನಲ್ಲೇ ಇದೆ. ಹೊಲಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಎರಕ ಹೊಯ್ಯುವವರು, ಲೇತ್ ಹಿಡಿಯುವವರು, ತಗಡು ಬಡಿಯುವವರು ಬೇಕು. ಎಂಜೊ ಫೆರಾರಿ 1898ರಲ್ಲಿ ಮೋದೆನಾದಲ್ಲಿ ಹುಟ್ಟಿದ್ದು ಲೋಹದ ಕೆಲಸದ ಕಾರ್ಖಾನೆ ನಡೆಸುತ್ತಿದ್ದ ತಂದೆಗೆ. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದಾಗ ಆತನಿಗೆ ಸಿಕ್ಕ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು! 1947ರಲ್ಲಿ ಆತನ ಹೆಸರಿನ ಮೊದಲ ಕಾರು 125 ಎಸ್ ಹೊರಬಂದದ್ದು ಪಕ್ಕದ ಮರನೆಲ್ಲೊ ಊರಿನಿಂದ. ಫೆರುಚ್ಚೊ ಲ್ಯಾಂಬೊರ್ಗಿನಿಯಂತೂ ರೈತನ ಮಗ. ಎರಡನೇ ಯುದ್ಧ ಮುಗಿದ ಮೇಲೆ ಮಿಕ್ಕುಳಿದ ಸೇನಾ ವಾಹನಗಳ ಭಾಗ ಬಳಸಿ ಟ್ರ್ಯಾಕ್ಟರ್ ಮಾಡಿ ಹಣವಂತನಾದ. ತಾನು ಕೊಂಡ ಫೆರಾರಿಯ ಕ್ಲಚ್ಚಿನ ಬಗ್ಗೆ ದೂರಲು ಹೋದಾಗ, ಟ್ರ್ಯಾಕ್ಟರಿನವನಿಗೆ ಇದೆಲ್ಲ ಏನು ತಿಳಿದೀತು ಎಂಬ ಉತ್ತರ ಬಂತೆಂದೂ, ಆ ಸಿಟ್ಟಿಗೆ ಕಾರು ಮಾಡಿದನೆಂದೂ ಕಥೆ ಹೇಳುತ್ತಾರೆ. ಕಥೆ ಹೇಗೋ, 1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆಯಲ್ಲಿ ಅವನ ಕಾರು ಕಾರ್ಖಾನೆ ನಿಂತದ್ದು ನಿಜ. ಮಸೆರಾಟಿಯ ಮನೆಯೂ ಮೋದೆನಾದಲ್ಲೇ.

ಶೆಡ್ಡಿನೊಳಗೆ

ಅಳಿಯ ಬಾಡಿಗೆಗಿರುವುದು ಒಬ್ಬ ಹಿರಿಯರ ಮನೆಯ ಮಹಡಿಯಲ್ಲಿ. ಯಜಮಾನರು 1947ರಲ್ಲಿ ಹುಟ್ಟಿದವರು. ಲೇತ್ ಕೆಲಸ ಮಾಡಿ ನಿವೃತ್ತರಾದವರು. ಪತ್ನಿ ಈಗಿಲ್ಲ. ಅಂಗಳದ ಶೆಡ್ಡಿನಲ್ಲಿ ಎರಡು ಕಾರುಗಳು. ಒಂದು ದಿನಬಳಕೆಯ ಪುಟ್ಟ ಪಾಂಡಾ. ಇನ್ನೊಂದು ಹಳೆಯ ಹೊದಿಕೆಯ ಕೆಳಗೆ ಮಲಗಿದ ಕೆಂಪು ಫೆರಾರಿ 348, ಮಾಡಿದ್ದು 1990ರಲ್ಲಿ. ಅಳಿಯನ ಕಣ್ಣಿಗೆ ಬಿದ್ದಿದ್ದ ಜಾಹೀರಾತಿನ ಕಾರೂ ಇದೇ ಮಾದರಿಯದು.

"ಮಾವ, ಹೊಸ ಫೆರಾರಿಯ ಬೆಲೆಯಲ್ಲಿ ಒಂದು ಚೂರು ಕೊಟ್ಟರೆ ಸಾಕು," ಎಂದು ಶುರುಮಾಡಿದ.

"ನಿನಗೆ ಓಡಿಸಲು ಅನುಮತಿ ಇದೆಯೇನೋ?"

ಅವನು ತಲೆ ಕೆರೆದುಕೊಂಡ. ಇಟಲಿಯಲ್ಲಿ 2024ರ ಡಿಸೆಂಬರಿನ ಹೊಸ ಕಾಯ್ದೆಯ ಪ್ರಕಾರ, ಅಲ್ಲಿಂದೀಚೆಗೆ ಪರವಾನಗಿ ಪಡೆದವರು ಮೊದಲ ಮೂರು ವರ್ಷ 105 ಕಿಲೋವಾಟಿಗಿಂತ ಹೆಚ್ಚು ಶಕ್ತಿಯ ಕಾರು ಓಡಿಸುವಂತಿಲ್ಲ. 348ರದು ಸುಮಾರು 220 ಕಿಲೋವಾಟ್, ಅಂದರೆ 300 ಅಶ್ವಶಕ್ತಿ. ಇವನ ಪರವಾನಗಿಗೆ ಇನ್ನೂ ವರ್ಷ ತುಂಬಿಲ್ಲ.

"ಅಷ್ಟು ಹೊತ್ತಿಗೆ ಬೆಲೆ ಏರಿಬಿಡುತ್ತೆ ಮಾವ. ಈಗಲೇ ಕೊಂಡು ಇಟ್ಟುಬಿಟ್ಟರೆ..."

ಇಟ್ಟುಬಿಡುವುದು ಎಂಬ ಮಾತು ಕೇಳಿ ನನಗೆ ಅಪ್ಪನ ನೆನಪಾಯಿತು. ಯಜಮಾನರಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಹುಡುಗನ ಮುಖ ನೋಡಿಯೇ ವಿಷಯ ಹಿಡಿದರೆನ್ನಿ. ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು ಅವನ ಕೈಗಿಟ್ಟು, ಮಾವನಿಗೆ ಓದಿ ಹೇಳು ಎಂದರು.

ಓದುಗರಿಗೆ ಇಲ್ಲಿ ಎಂಜಿನ್ನಿನ ವಿಷಯ ಸ್ವಲ್ಪ ಹೇಳಬೇಕು. 348 ಎಂದರೆ 3.4 ಲೀಟರ್, 8 ಸಿಲಿಂಡರ್. ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. ಅದರ ಕವಾಟಗಳು ಸರಿಯಾದ ಗಳಿಗೆಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವುದು ಹಲ್ಲಿನ ರಬ್ಬರ್ ಬೆಲ್ಟು. ಕಾರು ಓಡಲಿ, ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಈ ಕಾರಿನಲ್ಲಿ ಅದಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟಿನ ಬೆಲೆ ಅಲ್ಪ, ಕೆಲಸದ ಕೂಲಿ ದೊಡ್ಡದು. ಬದಲಿಸದೆ ಬಿಟ್ಟು ಅದು ಹರಿದರೆ, ಮೇಲೇರುವ ಪಿಸ್ಟನ್ ತೆರೆದ ಕವಾಟಕ್ಕೆ ಬಡಿಯುತ್ತದೆ. ಒಂದೇ ಕ್ಷಣದಲ್ಲಿ ಎಂಜಿನ್ ಗುಜರಿ.

ಅಳಿಯ ಓದತೊಡಗಿದ. 1998, ಕಾರು ಕೊಂಡದ್ದು. ಬೆಲ್ಟು ಹೊಸದೆಂದು ಮಾರಿದವನ ಮಾತು, ರಸೀದಿ ಇಲ್ಲ. 1999ರ ಆಗಸ್ಟ್, ಬೆಲ್ಟು ಹರಿಯಿತು. ಆಮೇಲೆ ಖಾಲಿ ಪುಟ. 2000, ಏನೂ ಇಲ್ಲ. 2001ರ ಸೆಪ್ಟೆಂಬರಿನಲ್ಲಿ ಎಂಜಿನ್ ಮತ್ತೆ ಕೂತಿತು.

"ಈ ಎರಡು ವರ್ಷ?" ಎಂದೆ. ಅಳಿಯ ಕೇಳಿ, ಉತ್ತರವನ್ನು ಕನ್ನಡಕ್ಕೆ ತಂದ. "ರಾತ್ರಿ ಪಾಳಿ ಮಾಡಿದರಂತೆ. ಎರಡು ಬೇಸಿಗೆ ಹೆಂಡತಿಯನ್ನು ಸಮುದ್ರತೀರಕ್ಕೆ ಕರೆದೊಯ್ಯಲಾಗಲಿಲ್ಲವಂತೆ."

2001ರಿಂದ ಮುಂದೆ ಪುಸ್ತಕದಲ್ಲಿ ಅಕ್ಷರವೇ ಬೇರೆ. ದುಂಡನೆಯ, ಓರಣದ ಬರಹ. ಪ್ರತಿ ರಸೀದಿಯನ್ನೂ ಅಂಟಿಸಿ, ಮುಂದಿನ ಬೆಲ್ಟು ಯಾವ ವರ್ಷಕ್ಕೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಟೈರು, ಕ್ಲಚ್ಚು, ಸುಟ್ಟ ಫ್ಯೂಸು, ವಿಮೆ. ಪುಟ ತಿರುವುತ್ತ ಹೋದಂತೆ ಮೊದಲು ಕೊಟ್ಟ ಬೆಲೆಯನ್ನು ರಿಪೇರಿಯ ಮೊತ್ತ ಎಂದೋ ದಾಟಿತ್ತು. ಕೊನೆಯ ಕೆಲವು ಪುಟಗಳಲ್ಲಿ ಮತ್ತೆ ಯಜಮಾನರ ಗೀಚು ಅಕ್ಷರ. ಅಳಿಯ ಅಲ್ಲಿಗೆ ಓದುವುದನ್ನು ನಿಲ್ಲಿಸಿದ. ನಾವು ಏನನ್ನೂ ಕೇಳಲಿಲ್ಲ.

ಜಾರ್ದೀನಿ ರಸ್ತೆಯಲ್ಲಿ

ಆದಿತ್ಯವಾರ ಬೆಳಿಗ್ಗೆ ಕಾರು ಹೊರಬಂತು. ಅದರಲ್ಲಿ ಎರಡೇ ಸೀಟು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಂಡಾದ ಬೀಗದ ಕೈಯನ್ನು ಅಳಿಯನಿಗೆ ಕೊಟ್ಟರು. ಫೆರಾರಿ ಕೊಳ್ಳುವವನು ಪಾಂಡಾದಲ್ಲಿ ಹಿಂದೆ, ಬುದ್ಧಿ ಹೇಳಲು ಬಂದ ಮಾವ ಫೆರಾರಿಯಲ್ಲಿ ಮುಂದೆ! ಅಕ್ಕ ನೋಡಿದ್ದರೆ ಏನೆನ್ನುತ್ತಿದ್ದಳೋ.

ಮೋದೆನಾದಿಂದ ದಕ್ಷಿಣಕ್ಕೆ, ಮರನೆಲ್ಲೊ ಹಾದು, ಅಪೆನೈನ್ ಬೆಟ್ಟಗಳನ್ನೇರುವ ದಾರಿಗೆ ಜಾರ್ದೀನಿ ರಸ್ತೆಯೆಂದು ಹೆಸರು. ಮೋದೆನಾದ ಡ್ಯೂಕನ ಕಾಲದಲ್ಲಿ, 18ನೇ ಶತಮಾನದಲ್ಲಿ, ಪಿಯೆತ್ರೊ ಜಾರ್ದೀನಿ ಎಂಬ ಎಂಜಿನಿಯರ್ ಟಸ್ಕನಿಗೆ ಹೋಗಲು ಕಟ್ಟಿಸಿದ್ದು. ಸೆರ್ರಾಮಜ್ಜೋನಿ, ಪವುಲ್ಲೊ, ಪಿಯೆವೆಪೆಲಾಗೊ ಊರುಗಳನ್ನು ದಾಟಿ 1388 ಮೀಟರ್ ಎತ್ತರದ ಆಬೆತೋನೆ ಕಣಿವೆಮಾರ್ಗ ಸೇರುತ್ತದೆ. ಆಗುಂಬೆಯ ತಿರುವು ಬಲ್ಲವರಿಗೆ ಈ ದಾರಿ ಪರಿಚಿತವೆನ್ನಿಸುತ್ತದೆ. ಅಲ್ಲಿ ಕಾಡು ದಟ್ಟ ಹಸಿರು, ಇಲ್ಲಿ ಕೆಳಗೆ ಚೆಸ್ಟ್‌ನಟ್, ಮೇಲೆ ಬೀಚ್ ಮರಗಳು.

ಮೊದಲ ಹತ್ತು ಕಿಲೋಮೀಟರ್ ಯಜಮಾನರು ಎರಡನೇ ಗೇರನ್ನೇ ಮುಟ್ಟಲಿಲ್ಲ. ಒಂದರಿಂದ ನೇರ ಮೂರಕ್ಕೆ. ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗುವ ತನಕ ಎರಡನೆಯದು ಒಪ್ಪುವುದಿಲ್ಲ, ಒತ್ತಾಯ ಮಾಡಬಾರದು. ಗೇರಿನ ಕಡ್ಡಿ ಓಡಾಡುವುದು ಲೋಹದ ತಟ್ಟೆಯಲ್ಲಿ ಕೊರೆದ ಸೀಳುಗಳೊಳಗೆ; ಪ್ರತಿ ಸಲವೂ ಟಕ್ ಎಂಬ ಸದ್ದು. ಸ್ಟೀರಿಂಗಿಗೆ ಯಂತ್ರದ ನೆರವಿಲ್ಲ. ಕಾರು ನಿಧಾನವಾದಾಗ ಬಾವಿಯ ರಾಟೆ ಎಳೆದಷ್ಟು ಭಾರ, ಓಟ ಹಿಡಿದರೆ ಹೂವಿನಷ್ಟು ಹಗುರ. ಬೆಟ್ಟ ಶುರುವಾದ ಮೇಲೆ ಒಮ್ಮೆ, ಎದುರು ಯಾರೂ ಇಲ್ಲದ ನೇರ ದಾರಿಯಲ್ಲಿ, ಎರಡನೇ ಗೇರಿನಲ್ಲಿ ಪೆಡಲ್ ಒತ್ತಿದರು. ಬೆನ್ನ ಹಿಂದಿನ ಗುಡುಗು ಕ್ಷಣದಲ್ಲಿ ಕೂಗಾಯಿತು. ನನ್ನ ತಲೆ ಸೀಟಿಗೆ ಅಂಟಿತು. ಎಣಿಸಿ ನಾಲ್ಕು ಸೆಕೆಂಡ್, ಅಷ್ಟೆ. ಮತ್ತೆ ಕಾಲು ತೆಗೆದರು. ಗಂಟೆಗೆ 275 ಕಿಲೋಮೀಟರ್ ಓಡಬಲ್ಲ ಕಾರಿನ ಮುಳ್ಳು 90ರ ಕೆಳಗೇ ಇತ್ತು. ಈ ರಸ್ತೆಯಲ್ಲಿ ಊರಿನ ಹೊರಗೆ ಮಿತಿ 90, ಊರೊಳಗೆ 50.

ಪಿಯೆವೆಪೆಲಾಗೊ ಬಳಿ ನನಗೂ ಓಡಿಸಲು ಕೊಟ್ಟರು. ಅಂತರರಾಷ್ಟ್ರೀಯ ಪರವಾನಗಿ ಜೇಬಿನಲ್ಲಿತ್ತು, ಧೈರ್ಯ ಇರಲಿಲ್ಲ. ಮೊದಲ ಗೇರು ಎಡಕ್ಕೆ, ಕೆಳಗೆ. ನಾನು ಅಭ್ಯಾಸಬಲದಿಂದ ಮೇಲೆ ತಳ್ಳಿದೆ, ಅದು ಹಿಮ್ಮುಖದ ಗೇರು. ಎರಡು ಸಲ ಎಂಜಿನ್ ನಿಂತಿತು. ಸೈಕಲ್ ಮೇಲಿದ್ದ ಹುಡುಗನೊಬ್ಬ ನಿಂತು ನೋಡುತ್ತಿದ್ದ. ಅಂತೂ ಮೂರು ಕಿಲೋಮೀಟರ್ ಓಡಿಸಿದೆ. ಅಂಗೈ ಬೆವರಿತ್ತು. ಮಲಗಿದ ಆನೆಯ ಪಕ್ಕ ಸದ್ದಿಲ್ಲದೆ ನಡೆದುಹೋದ ಹಾಗೆ ಅನ್ನಿಸಿತು.

ಎರಡು ಪಿರಮಿಡ್ಡುಗಳ ನಡುವೆ

ಆಬೆತೋನೆಯ ನೆತ್ತಿಯಲ್ಲಿ ರಸ್ತೆಯ ಎರಡು ಬದಿ ಕಲ್ಲಿನ ಪಿರಮಿಡ್ಡುಗಳಿವೆ. ಒಂದು ಕಾಲಕ್ಕೆ ಮೋದೆನಾ ಮತ್ತು ಟಸ್ಕನಿ ರಾಜ್ಯಗಳ ಗಡಿ ಅದು. ನಾವು ಇಳಿದು ಕಾಫಿಗೆ ಕೂರುವಷ್ಟರಲ್ಲಿ ಪಾಂಡಾ ಬಂದು ಪಕ್ಕದಲ್ಲೇ ನಿಂತಿತು. ದಾರಿಯುದ್ದಕ್ಕೂ ಅದು ನಮ್ಮ ಹಿಂದೆಯೇ ಇತ್ತು!

ಇಷ್ಟು ಶಕ್ತಿಯ ಕಾರಿಟ್ಟುಕೊಂಡು ಇಷ್ಟು ಮೆಲ್ಲಗೆ ಏಕೆ ಓಡಿಸುತ್ತೀರೆಂದು ಕೇಳಿಸಿದೆ. ಯಜಮಾನರು ಬಹಳ ಹೊತ್ತು ಮಾತಾಡಿದರು. ಅಳಿಯ ತುಂಡುತುಂಡಾಗಿ ಹೇಳಿದ.

1927ರಿಂದ 1957ರವರೆಗೆ ಇಟಲಿಯಲ್ಲಿ ಮಿಲ್ಲೆ ಮಿಲಿಯಾ, ಅಂದರೆ ಸಾವಿರ ಮೈಲಿ, ಎಂಬ ಪಂದ್ಯ ನಡೆಯುತ್ತಿತ್ತು. ಬ್ರೆಷಾದಿಂದ ರೋಮಿಗೆ ಹೋಗಿ ಮರಳಿ ಬರುವುದು, ಸಾರ್ವಜನಿಕ ರಸ್ತೆಗಳಲ್ಲೇ. 1957ರ ಮೇ 12ರಂದು ಮೋದೆನಾದ ರಸ್ತೆಬದಿಯಲ್ಲಿ ತಂದೆಯ ಹೆಗಲೇರಿ ಈ ಯಜಮಾನರು, ಆಗ ಬಾಲಕ, ಹಾದುಹೋದ ಪ್ರತಿಯೊಂದು ಕೆಂಪು ಕಾರಿಗೂ ಕೈಬೀಸಿದ್ದರು. ಅವುಗಳಲ್ಲೊಂದು ಅಲ್ಫೊನ್ಸೊ ದೆ ಪೋರ್ತಾಗೊ ಓಡಿಸುತ್ತಿದ್ದ ಫೆರಾರಿ. ಮುಂದೆ ಗುಯಿದಿಜ್ಜೋಲೊ ಎಂಬ ಊರಿನ ಬಳಿ ಅದರ ಟೈರು ಸಿಡಿಯಿತು. ಆತನೂ ಜೊತೆಗಾರನೂ ರಸ್ತೆಬದಿ ನಿಂತಿದ್ದ ಒಂಬತ್ತು ಜನರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಪಂದ್ಯ ಅಲ್ಲಿಗೆ ಮುಗಿಯಿತು.

"ನನ್ನ ಹಾಗೇ ಕೈಬೀಸಲು ನಿಂತಿದ್ದ ಮಕ್ಕಳು ಅಂತಾರೆ ಮಾವ," ಎಂದ ಅಳಿಯ. ಸ್ವಲ್ಪ ತಡೆದು, "ಶಕ್ತಿ ಇದ್ದರೆ ಸಾಕಂತೆ, ಎಲ್ಲವನ್ನೂ ಬಳಸಬೇಕಾಗಿಲ್ಲವಂತೆ" ಎಂದ. ನಾನು ಹೇಳಬೇಕಾದ ಬುದ್ಧಿಮಾತನ್ನು ಅವನೇ ನನಗೆ ಅನುವಾದಿಸಿ ಕೊಡುತ್ತಿದ್ದ. ನನಗೆ ಬೇರೆ ಕೆಲಸ ಉಳಿಯಲಿಲ್ಲ.

ಮರನೆಲ್ಲೊದ ಶಾಲೆ

ಇಳಿಯುವಾಗ ಮರನೆಲ್ಲೊದಲ್ಲಿ ನಿಂತೆವು. ಪ್ರವಾಸಿಗರು ವಸ್ತುಸಂಗ್ರಹಾಲಯದ ಮುಂದೆ ಸಾಲುಗಟ್ಟಿದ್ದರು. ಯಜಮಾನರು ನಮಗೆ ತೋರಿಸಿದ್ದು ಒಂದು ಶಾಲೆಯನ್ನು. ಎಂಜೊ ಫೆರಾರಿಯ ಮಗ ಆಲ್ಫ್ರೆದೊ, ಮನೆಯವರ ಬಾಯಲ್ಲಿ ದೀನೊ, ಸ್ನಾಯು ಕ್ಷಯಿಸುವ ರೋಗದಿಂದ 1956ರಲ್ಲಿ ತೀರಿಕೊಂಡಾಗ ಅವನಿಗೆ 24 ವರ್ಷ. ಅವನ ಹೆಸರಿನಲ್ಲಿ ತಂದೆ ಆರಂಭಿಸಿದ ವೃತ್ತಿ ಶಿಕ್ಷಣದ ಶಾಲೆ ಅದು. ಸುತ್ತಲಿನ ಸಾಮಾನ್ಯರ ಮಕ್ಕಳು ಅಲ್ಲಿ ಯಂತ್ರದ ಕೆಲಸ ಕಲಿಯುತ್ತಾರೆ. ಮಗನನ್ನು ಉಳಿಸಿಕೊಳ್ಳಲಾಗದ ತಂದೆ ಊರಿನ ಮಕ್ಕಳ ಕೈಗೆ ಕಸುಬು ಕೊಟ್ಟ. ಕಾರು ಕೊಳ್ಳಬಲ್ಲವರು ಕೆಲವರೇ. ಕಾರನ್ನು ಬಿಚ್ಚಿ ಜೋಡಿಸಬಲ್ಲ ಕೈ ಇಲ್ಲಿ ಬೀದಿಗೊಂದಿದೆ. ಮೋದೆನಾದ ನಿಜವಾದ ಆಸ್ತಿ ಇದೇ ಇರಬೇಕು.

ರಾತ್ರಿ ಯಜಮಾನರು ನೀಲಿ ಪುಸ್ತಕ ತೆರೆದು, ಕೆಂಪು ಶಾಯಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಮುಂದಿನ ಬೆಲ್ಟಿನ ವರ್ಷ ಬಂದಿತ್ತು. ಎಂಜಿನ್ ಇಳಿಸಲು ಒಬ್ಬ ಹುಡುಗ ಬೇಕು, ಶನಿವಾರಗಳಂದು ಬರುತ್ತೀಯಾ ಎಂದು ಅಳಿಯನನ್ನು ಕೇಳಿದರು.

ನಾನು ಮಿಲಾನಿಗೆ ಮರಳಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ಏನಂದ?" ಎಂದಳು.

"ಈಗ ಕೊಳ್ಳುವುದಿಲ್ಲವಂತೆ. ಮೊದಲು ಬ್ಯಾಂಕಿನ ಸಾಲ ತೀರಿಸುತ್ತಾನಂತೆ. ಆಮೇಲೆ ನೋಡೋಣ ಅಂದ."

"ಆಮೇಲೆ ಅಂದರೆ?"

"ಅಕ್ಕಾ, ಆಸೆಯನ್ನೇ ಬಿಡು ಅಂತ ನಾನು ಹೇಳಲಿಲ್ಲ."

ಅವಳು ಸುಮ್ಮನಾದಳು. ಫೋನ್ ಇಟ್ಟು ಅಡುಗೆಮನೆಗೆ ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನಿಗೂ ಹಾಗೆ ಎಂಜಿನ್ ಬಿಚ್ಚಿ ತೋರಿಸುವವರು ಯಾರಾದರೂ ಇದ್ದಿದ್ದರೆ..." ಎಂದಳು. ಅಪ್ಪನ ಕಾರಿನ ಬಗ್ಗೆ ನಲವತ್ತು ವರ್ಷಗಳಲ್ಲಿ ಅವಳು ಆಡಿದ ಮೊದಲ ಮಾತು ಅದು.