‘ಸರ್ವಿಸ್’ ಎಂಬ ಅಂಕಣ

ಕಳೆದ ಕಾರ್ತಿಕ ಮಾಸದಲ್ಲಿ ಕೃಷ್ಣರಾಜನಗರದ ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದಗಳು ಮುಗಿದು ನಾವು ಹೊರಡುವ ಹೊತ್ತಿಗೆ, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಮಗಳು ಪುಸ್ತಕ ಹಿಡಿದು ಬಂದಳು. “ಬುದ್ಧೀ, ಇಂಗ್ಲಿಷಿನ ‘ಸರ್ವಿಸ್’ ಅನ್ನೋ ಪದಕ್ಕೆ ಕನ್ನಡದಲ್ಲಿ ಐದು ಸಮಾನಾರ್ಥಕ ಪದ ಬರೆದು ತರಬೇಕಂತೆ. ನನಗೆ ‘ಸೇವೆ’ ಬಿಟ್ಟು ಬೇರೆ ತೋಚಲಿಲ್ಲ” ಎಂದಳು. ನಾವು ಐದಲ್ಲ, ಹತ್ತು ಪದಗಳನ್ನು ಬರೆಯಿಸಿದೆವು. ಮಗು ಸಂತೋಷದಿಂದ ಹೋಯಿತು. ಆದರೆ ಹುಣಸೂರಿಗೆ ಮರಳುವ ಬಸ್ಸಿನಲ್ಲಿ ಆ ಪದ ನಮ್ಮನ್ನು ಬಿಡಲಿಲ್ಲ. ಹಿಂದೊಮ್ಮೆ ಅದರ ಅರ್ಥವನ್ನು ನಾವು ತಪ್ಪಾಗಿ ತಿಳಿದದ್ದರಿಂದ ಒಬ್ಬರ ಬಾಳಿಗೆ ನಷ್ಟವಾಗಿತ್ತು.

ಈ ಪದ ನಮ್ಮ ಸೀಮೆಯಲ್ಲಿ ಎಷ್ಟು ವೇಷ ತೊಟ್ಟಿದೆ ಎಂಬುದನ್ನು ನೋಡಬೇಕಾದರೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಳಿಗೆ ನಿಂತರೆ ಸಾಕು. ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸಿನ ಓಡಾಟವೂ ಸರ್ವಿಸ್. ಕೆಟ್ಟ ಬಸ್ಸನ್ನು ತೊಳೆದು ಎಣ್ಣೆ ಹಾಕುವುದೂ ಸರ್ವಿಸ್. ಹೋಟೆಲಿನಲ್ಲಿ ತಟ್ಟೆಯನ್ನು ನಾವೇ ಎತ್ತಿಕೊಂಡು ಬಂದರೆ ಅದು ಸೆಲ್ಫ್ ಸರ್ವಿಸ್. ಕಂಬದಿಂದ ಮನೆಗೆ ಎಳೆದ ವಿದ್ಯುತ್ ತಂತಿ ಸರ್ವಿಸ್ ವೈರು. ಸೈನ್ಯದಿಂದ ನಿವೃತ್ತನಾದವನು ಎಕ್ಸ್ ಸರ್ವಿಸ್‌ಮನ್. ಕನ್ಯೆ ನೋಡುವ ಮಾತುಕತೆಯಲ್ಲಿ “ಹುಡುಗ ಸರ್ವಿಸ್‌ನಲ್ಲಿದ್ದಾನೆಯೇ?” ಎಂದು ಕೇಳಿದರೆ ಸರ್ಕಾರಿ ನೌಕರಿ ಎಂದೇ ಅರ್ಥ; ಹತ್ತು ಎಕರೆಯಲ್ಲಿ ಬೆವರು ಸುರಿಸುವವನು ಆ ಲೆಕ್ಕಕ್ಕೆ ಸೇರುವುದಿಲ್ಲ. ಇಂಗ್ಲಿಷರ ಚರ್ಚಿನ ಪ್ರಾರ್ಥನೆ, ಟೆನಿಸ್ ಆಟದ ಮೊದಲ ಹೊಡೆತ, ಚಹಾದ ಪಿಂಗಾಣಿ ಪಾತ್ರೆಗಳ ಜೋಡಿ ಇವೂ ಅದೇ ಹೆಸರಿನವು. ಸರ್ವಿಸ್ ಎಂಬ ಹೆಸರಿನ ಹಣ್ಣಿನ ಮರವೊಂದು ಯೂರೋಪಿನಲ್ಲಿದೆ. ಅದರ ಮೂಲ ಮಾತ್ರ ಬೇರೆ, ಲ್ಯಾಟಿನ್ನಿನ ‘ಸೋರ್ಬಸ್’.

ಸರ್ವಿಸ್ ಪದದ ಮೂಲ ಲ್ಯಾಟಿನ್ನಿನ ‘ಸೆರ್ವುಸ್’. ಅದರ ಅರ್ಥ ಗುಲಾಮ. ಇಂದು ಮರ್ಯಾದೆಯ ಪದವಾಗಿರುವುದು ಹುಟ್ಟಿದ್ದು ಸಂಕೋಲೆಯಲ್ಲಿ.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾದ ಪದಗಳು ಒಂದೊಂದೂ ಒಂದೊಂದು ಕಥೆ ಹೇಳುತ್ತವೆ. ‘ಊಳಿಗ’ ಅಚ್ಚಗನ್ನಡ. ‘ಚಾಕರಿ’, ‘ನೌಕರಿ’ಗಳು ಪಾರಸಿಯಿಂದ ಬಂದವು. ‘ಕೈಂಕರ್ಯ’ವು ಕಿಂಕರ ಎಂಬುದರಿಂದ ಬಂದುದು. ‘ಓಲಗ’ ಎಂದರೆ ಹಳಗನ್ನಡದಲ್ಲಿ ಅರಸನ ಸೇವೆ, ಅರಸನ ಸಭೆ. ಇಂದು ನಮ್ಮ ಮದುವೆಗಳಲ್ಲಿ ಓಲಗ ಎಂದರೆ ವಾದ್ಯ ಮಾತ್ರ. ‘ಬಿಟ್ಟಿ’ಯು ಸಂಸ್ಕೃತದ ವಿಷ್ಟಿ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ‘ಜೀತ’ವು ಮೊದಲು ಜೀವನಕ್ಕೆ ಕೊಡುವ ಸಂಬಳವಾಗಿದ್ದು, ಕಾಲಾಂತರದಲ್ಲಿ ಸಾಲಕ್ಕೆ ಒತ್ತೆಯಾಗಿ ಬಿದ್ದಿರುವ ಬಾಳಾಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1976ರಲ್ಲಿ, ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರದ ಕಾಯಿದೆ ಬಂದಿತು. ಪದವೊಂದು ಕೆಳಗಿಳಿದರೆ ಮನುಷ್ಯರೂ ಅದರೊಡನೆ ಇಳಿಯುತ್ತಾರೆ.

ಶರಣರು ಕೊಟ್ಟ ಪದಗಳು ಎರಡು: ಕಾಯಕ, ದಾಸೋಹ. ಕಾಯದಿಂದ ಮಾಡುವುದು ಕಾಯಕ. ‘ನಾನು ದಾಸ’ ಎಂಬ ಭಾವದಿಂದ ಹುಟ್ಟಿದುದು ದಾಸೋಹ. ಇಲ್ಲಿಯೂ ಮೂಲದಲ್ಲಿ ದಾಸನೇ ಇದ್ದಾನೆ. ಆದರೆ ಸೆರ್ವುಸ್ ಎಂದು ಇನ್ನೊಬ್ಬರು ಅವನನ್ನು ಕರೆದರು. ದಾಸೋಹಂ ಎಂದು ಶರಣನು ತಾನೇ ಹೇಳಿಕೊಂಡನು. ಈ ಭೇದವನ್ನು ನಾವು ಎಷ್ಟೋ ಸಭೆಗಳಲ್ಲಿ ವಿವರಿಸಿ ಚಪ್ಪಾಳೆ ಪಡೆದಿದ್ದೇವೆ. ನಮ್ಮ ಕೈಯಿಂದ ತಪ್ಪಾದದ್ದೂ ಇಲ್ಲಿಯೇ.

ನಾವು ಹನ್ನೊಂದನೆಯ ವಯಸ್ಸಿನಲ್ಲಿ ಮಠಕ್ಕೆ ಸೇರಿದೆವು. ಅಲ್ಲಿಯ ವಸತಿನಿಲಯದಲ್ಲಿ ನೂರಕ್ಕೂ ಹೆಚ್ಚು ಹುಡುಗರಿಗೆ ಅನ್ನ ಬೇಯಿಸುತ್ತಿದ್ದವರನ್ನು ಎಲ್ಲರೂ ಅಡುಗೆಯಣ್ಣ ಎನ್ನುತ್ತಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ರಾತ್ರಿ ಹಂಡೆ ತೊಳೆದ ಮೇಲೆಯೇ ಅವರ ಬೆನ್ನು ನೆಲ ಕಾಣುತ್ತಿದ್ದುದು. ಜ್ವರ ಬಂದ ಹುಡುಗನಿಗೆ ಗಂಜಿ ಬೇರೆ; ಮನೆ ನೆನೆದು ಅಳುವವನಿಗೆ ಕಡೆಯ ಮುದ್ದೆ ಬೇರೆ. ಅವರಿಗೆ ನೇಮಕದ ಪತ್ರವಿರಲಿಲ್ಲ, ತಿಂಗಳ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಹಬ್ಬಕ್ಕೆ ಒಂದು ಜೊತೆ ಪಂಚೆ. ನಮ್ಮನ್ನು ಮೊದಲು ‘ಮರಿ’ ಎಂದು ಕರೆದವರು, ನಾವು ಓದಿ ಪಂಡಿತರೆನಿಸಿದ ಮೇಲೆ ‘ಬುದ್ಧಿ’ ಎನ್ನತೊಡಗಿದರು.

1996ರ ಸುಮಾರಿನಲ್ಲಿ ಕಛೇರಿಯೊಂದರಿಂದ ಇಂಗ್ಲಿಷ್ ನಮೂನೆ ಬಂದಿತು. ವಸತಿನಿಲಯದಲ್ಲಿ ದುಡಿದ ವಯಸ್ಸಾದವರಿಗೆ ಒಂದು ಸಲಕ್ಕೆ ಅಲ್ಪಸ್ವಲ್ಪ ಹಣ ಕೊಡುವ ಏರ್ಪಾಡು ಅದು. ಇಂಗ್ಲಿಷ್ ಬಲ್ಲವರು ನಾವೇ ಆದ್ದರಿಂದ ತುಂಬುವ ಹೊಣೆ ನಮ್ಮದಾಯಿತು. ಕಾವಲುಗಾರನ ಹೆಸರಿನ ಮುಂದೆ ವರ್ಷಗಳನ್ನು ಬರೆದೆವು, ಅವನಿಗೆ ನೇಮಕದ ಪತ್ರವಿತ್ತು. ಅಡುಗೆಯಣ್ಣನ ಹೆಸರಿಗೆ ಬಂದಾಗ ‘ಸರ್ವಿಸ್’ ಎಂಬ ಅಂಕಣದಲ್ಲಿ ಲೇಖನಿ ನಿಂತಿತು. ಸರ್ವಿಸ್ ಎಂದರೆ ನೌಕರಿ, ಇವರದು ದಾಸೋಹ, ದಾಸೋಹವನ್ನು ಹಣದ ಅಂಕಣದಲ್ಲಿ ಬರೆಯುವುದು ಅದಕ್ಕೆ ಅಪಚಾರ ಎಂದು ಯೋಚಿಸಿ ‘ಇಲ್ಲ’ ಎಂದು ಬರೆದೆವು. ಅವರನ್ನು ಒಂದು ಮಾತು ಕೇಳಲಿಲ್ಲ. ಪದದ ಮರ್ಯಾದೆ ಕಾಪಾಡಿದೆವೆಂಬ ಹೆಮ್ಮೆಯೂ ನಮಗಿತ್ತು. ಕಾವಲುಗಾರನಿಗೆ ಹಣ ಬಂದಿತು. ಇವರಿಗೆ ಬರಲಿಲ್ಲ.

ಎರಡು ವರ್ಷಗಳ ತರುವಾಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಅವರ ಊರಿಗೆ ಹೋಗಿದ್ದೆವು. ಅವರ ಕಣ್ಣು ಮಂಜಾಗಿತ್ತು. ಮನೆಯಾಕೆ ನಮಗೆ ಹಾಲು ತಂದಿಟ್ಟು, ನೆಲ ನೋಡುತ್ತ ಹೇಳಿದರು: “ಇವರು ನೂರಾರು ಮಕ್ಕಳಿಗೆ ಇಕ್ಕಿದ್ದು ನಮ್ಮ ಪುಣ್ಯ ಬುದ್ಧಿ. ಆದರೆ ಆ ದುಡ್ಡು ಬಂದಿದ್ದರೆ ಸಾಲಕ್ಕೆ ಬಿಟ್ಟ ಹೊಲ ಬಿಡಿಸ್ಕೋಬಹುದಿತ್ತು. ಮೂವತ್ತು ವರ್ಷ ಏನೂ ಮಾಡಲಿಲ್ಲ ಅಂತ ಬರೆದೋರು ಯಾರು ಬುದ್ಧಿ?” ಅಡುಗೆಯಣ್ಣ “ಸುಮ್ಮನಿರು” ಎಂದು ಗದರಿದರು. ಬರೆದವರು ನಾವೇ ಎಂದು ಹೇಳಿಕೊಂಡೆವು. ಆ ತಾಯಿ ಮತ್ತೆ ಮಾತಾಡಲಿಲ್ಲ; ಹಾಲಿನ ಲೋಟವನ್ನು ನಮ್ಮ ಕಡೆಗೆ ಇನ್ನಷ್ಟು ಸರಿಸಿದರು.

ಮರಳಿ ಬಂದು ಕಛೇರಿಗೆ ಪತ್ರ ಬರೆದೆವು. ಅವಧಿ ಮೀರಿದೆ ಎಂಬ ಉತ್ತರ ಬಂದಿತು.

ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಹಿಂದಕ್ಕೆ ಚೆಲ್ಲಿ ಬನ್ನಿರೆಂದು ಲಕ್ಕಮ್ಮನವರು ತಿದ್ದಿದ ಪ್ರಸಂಗವನ್ನು ಬಲ್ಲಿರಿ. ಆಕೆ ತೋರಿಸಿದ್ದು ಹೆಚ್ಚಾದುದನ್ನು. ಈ ತಾಯಿ ತೋರಿಸಿದ್ದು ಕಡಿಮೆಯಾದುದನ್ನು. ಎರಡೂ ಕಾಯಕದ ಲೆಕ್ಕವೇ. ಹೆಚ್ಚು ತೆಗೆದುಕೊಳ್ಳುವುದು ತಪ್ಪಾದರೆ, ದುಡಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದೂ ತಪ್ಪು.

ಅಂದು ನಮಗೆ ತಿಳಿದುದು ಇಷ್ಟು. ದಾಸೋಹ ಎಂಬ ಮಾತು ಮಾಡುವವನ ಬಾಯಿಂದ ಬರಬೇಕು. ಮಾಡಿಸಿಕೊಳ್ಳುವವನು ಅದನ್ನು ಕಾಯಕವೆಂದೇ ಕರೆದು, ಲೆಕ್ಕವಿಟ್ಟು, ಸಲ್ಲಬೇಕಾದುದನ್ನು ಸಲ್ಲಿಸಬೇಕು. ಪಡೆದ ಹಣವನ್ನು ಅವನು ಮರಳಿ ಜಂಗಮಕ್ಕೆ ಅರ್ಪಿಸಿದರೆ ಅದು ಅವನ ಹಿರಿಮೆ. ಮಾಡಿಸಿಕೊಂಡವನೇ ‘ನಿನ್ನದು ದಾಸೋಹವಪ್ಪಾ’ ಎಂದು ಕೈ ಮುಗಿದು ಕಳುಹಿಸಿದರೆ, ಅದಕ್ಕೆ ಕನ್ನಡದಲ್ಲಿ ಬಿಟ್ಟಿ ಎಂದೇ ಹೆಸರು.

ವಾಚಕರು ತಮ್ಮ ಮನೆಗಳಲ್ಲಿಯೂ ಈ ಅಂಕಣವನ್ನೊಮ್ಮೆ ನೋಡಿಕೊಳ್ಳಬೇಕೆಂದು ನಮ್ಮ ಅರಿಕೆ. ಕೊಟ್ಟಿಗೆಯ ಆಳು, ಪಾತ್ರೆ ತೊಳೆಯುವ ಹೆಂಗಸು, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವವನು, ಕಡೆಗೆ ಐವತ್ತು ವರ್ಷ ಒಲೆಯ ಮುಂದೆ ನಿಂತ ನಮ್ಮ ತಾಯಂದಿರು, ಇವರ ಹೆಸರಿನ ಮುಂದೆ ನಾವು ಏನೆಂದು ಬರೆದಿದ್ದೇವೆ?

ಅಡುಗೆಯಣ್ಣ ಈಗಿಲ್ಲ. ಕೃಷ್ಣರಾಜನಗರದ ಆ ಮಗುವಿಗೆ ಬರೆಯಿಸಿದ ಹತ್ತು ಪದಗಳಲ್ಲಿ ಕಾಯಕ, ದಾಸೋಹಗಳೂ ಇದ್ದವು. ಆದರೆ ಯಾವುದನ್ನು ಯಾರು ಹೇಳಬೇಕೆಂಬುದನ್ನು ನಾವು ಹೇಳಿಕೊಟ್ಟಿರಲಿಲ್ಲ. ಮುಂದಿನ ಸಲ ಆ ಮನೆಗೆ ಹೋದಾಗ ಮೊದಲು ಅದನ್ನೇ ಹೇಳಬೇಕೆಂದಿದ್ದೇವೆ.