ನಾಲ್ವರ ಗಾಡಿಗೆ ಎರಡು ಡಿಸ್ಕ್

ನಾವು ನಾಲ್ವರು ಸೇರಿ ಒಂದು ಗಾಡಿ ಇಟ್ಟುಕೊಂಡಿದ್ದೇವೆ. ಹನ್ನೊಂದು ವರ್ಷದ ಜಪಾನಿ ಸೆಡಾನ್. ಮುಲ್ಕಿಯಾ ಒಬ್ಬರ ಹೆಸರಲ್ಲಿ, ಖರ್ಚು ನಾಲ್ಕು ಪಾಲು. ವಾಸ ಅಮೆರಾತ್‌ನಲ್ಲಿ, ಕೆಲಸ ಘಲಾದಲ್ಲಿ. ಮಸ್ಕತ್‌ನವರಿಗೆ ಇಷ್ಟು ಹೇಳಿದರೆ ಸಾಕು, ದಿನಾ ಬೆಳಿಗ್ಗೆ ಬೌಶರ್ ಕಡೆಯ ಗುಡ್ಡ ಇಳಿಯುವವರು ಅಂತ ತಿಳಿಯುತ್ತದೆ. ಆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಲು ಶುರುವಾಯ್ತು. ಮೊದಲು ಸಣ್ಣಗೆ, ಹದಿನೈದು ದಿನದಲ್ಲಿ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುವವರನ್ನೂ ಎಬ್ಬಿಸುವಷ್ಟು.

ಗ್ಯಾರೇಜಿನವರು ನೋಡಿ, "ಡಿಸ್ಕ್ ಬೆಂಡಾಗಿದೆ, ಲೇತ್‌ಗೆ ಹಾಕಿ ಕೊಡ್ತೇವೆ, ಐದು ರಿಯಾಲ್" ಅಂದರು. ಎಲ್ಲ ಕಡೆಯೂ ಇದೇ ಮಾತು. ನಿಜ ಏನೆಂದರೆ, ಡಿಸ್ಕ್ ಬಾಗೋದು ಅಪರೂಪ. ಪ್ಯಾಡಿನ ಪುಡಿ ಡಿಸ್ಕಿನ ಮೇಲೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಅಂಟಿಕೊಂಡಿರುತ್ತದೆ, ಇಲ್ಲವೇ ಡಿಸ್ಕೇ ಏರುಪೇರಾಗಿ ಸವೆದಿರುತ್ತದೆ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಸಾಕು, ಸ್ಟೀರಿಂಗ್ ನಡುಗುತ್ತದೆ. ಲೇತ್‌ನಲ್ಲಿ ಒಂದು ಪದರ ತೆಗೆದರೆ ಸರಿಹೋಗುತ್ತದೆ, ಆದರೆ ತೆಗೆಯಲು ದಪ್ಪ ಉಳಿದಿರಬೇಕಲ್ಲ? ಪ್ರತಿ ಡಿಸ್ಕಿನ ಮೇಲೂ ಇಷ್ಟಕ್ಕಿಂತ ತೆಳುವಾದರೆ ಬಳಸಬಾರದು ಅಂತ ಒಂದು ಅಂಕಿ ಒತ್ತಿರುತ್ತಾರೆ. ತುಕ್ಕು ಉಜ್ಜಿ ನೋಡಿದೆವು, ನಮ್ಮದರಲ್ಲಿ 20 ಮಿ.ಮೀ. ಇತ್ತು.

ಅಳೆಯುವುದರಲ್ಲೂ ಒಂದು ಉಪಾಯ ಇದೆ. ಸವೆದ ಡಿಸ್ಕಿನ ಅಂಚಿನಲ್ಲಿ ಪ್ಯಾಡ್ ತಾಗದ ಸಣ್ಣ ದಂಡೆ ಉಳಿದಿರುತ್ತದೆ. ವರ್ನಿಯರ್ ಆ ದಂಡೆಯ ಮೇಲೆ ಕೂತರೆ ಹೆಚ್ಚು ದಪ್ಪ ತೋರಿಸುತ್ತದೆ. ನಮ್ಮ ರೂಮಿನ ಪಾಲಿಟೆಕ್ನಿಕ್ ಹುಡುಗ ಡಿಸ್ಕಿನ ಎರಡು ಬದಿಗೂ ಒಂದೊಂದು 50 ಬೈಸದ ನಾಣ್ಯ ಇಟ್ಟು, ನಾಣ್ಯ ಸಮೇತ ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆದ. ಉಳಿದದ್ದು 20.3. ಲೇತ್‌ಗೆ ಹಾಕಿದ್ದರೆ ಐದು ರಿಯಾಲ್ ಕೊಟ್ಟು ಮಿತಿಗಿಂತ ಕೆಳಗೆ ಹೋಗುತ್ತಿದ್ದೆವು. ಹೊಸದೇ ಬೇಕು ಅಂತ ಅಲ್ಲಿಗೆ ಇತ್ಯರ್ಥವಾಯ್ತು.

ದಪ್ಪಕ್ಕೆ ಯಾಕೆ ಇಷ್ಟು ಬೆಲೆ? ಬ್ರೇಕ್ ಅಂದರೆ ಓಟವನ್ನು ಶಾಖ ಮಾಡುವ ಯಂತ್ರ. ಆ ಶಾಖವನ್ನು ಹೊತ್ತು ಗಾಳಿಗೆ ಬಿಡೋದು ಡಿಸ್ಕ್. ನಾವು ನಾಲ್ವರು ಕೂತರೆ ಗಾಡಿ ಒಟ್ಟು 1,500 ಕಿಲೋ ಅಂತ ಇಟ್ಟುಕೊಳ್ಳಿ. ಎಕ್ಸ್‌ಪ್ರೆಸ್‌ವೇಯಲ್ಲಿ 120ರ ವೇಗದಿಂದ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಒಂದು ಪಾಲಾದರೆ, ಬರೀ ಬ್ರೇಕಿನಲ್ಲೇ ನೂರು ಮೀಟರ್ ಎತ್ತರ ಇಳಿದರೆ ಹುಟ್ಟೋದು ಒಂದೂಮುಕ್ಕಾಲು ಪಾಲು. ಜಬಲ್ ಅಖ್ದರ್‌ಗೆ ಹೋಗುವಾಗ ಬಿರ್ಕತ್ ಅಲ್ ಮೌಜ್ ಬಳಿ ಪೊಲೀಸರು ಫೋರ್ ವೀಲ್ ಗಾಡಿ ಬಿಟ್ಟು ಬೇರೆಯದನ್ನು ಮೇಲೆ ಬಿಡುವುದಿಲ್ಲ. ಅದು ಹತ್ತಲಾಗದು ಅಂತಲ್ಲ, ಇಳಿಯುವಾಗಿನ ಭಯಕ್ಕೆ. ನಮ್ಮ ಶಿರಾಡಿ, ಆಗುಂಬೆಯ ಬಸ್ ಡ್ರೈವರುಗಳು ಏರಿದ ಗೇರಿನಲ್ಲೇ ಇಳಿಸುತ್ತಿದ್ದುದೂ ಇದೇ ಲೆಕ್ಕಕ್ಕೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಚಿಕ್ಕ ಗೇರು ಇರೋದನ್ನೇ ಎಷ್ಟೋ ಜನ ಮರೆತಿದ್ದಾರೆ.

ವಾದಿ ಕಬೀರ್‌ನ ಅಂಗಡಿ ಸಾಲಿನಲ್ಲಿ ಒಂದು ಸಂಜೆ ಪೂರ್ತಿ ಕಳೆದೆವು. ಒಂದೇ ಗಾಡಿಗೆ ಹದಿನಾರು ರಿಯಾಲ್‌ನ ಜೋಡಿ ಡಿಸ್ಕೂ ಇದೆ, ಮೂವತ್ತಾರರದ್ದೂ ಇದೆ. ತೂತು ಕೊರೆದದ್ದು, ಗೆರೆ ಹಾಕಿದ್ದು, ಬಂಗಾರದ ಬಣ್ಣದ್ದು ಎಲ್ಲ ಮೇಜಿನ ಮೇಲೆ ಬಂತು. ತೂತಿನ ಡಿಸ್ಕ್ ನೋಡಲು ಚೆಂದ, ಹುಡುಗನ ಕಣ್ಣು ಅದರ ಮೇಲೇ. ಆದರೆ ಬಿಸಿ ಹೆಚ್ಚಾದಾಗ ತೂತಿನ ಸುತ್ತ ಬಿರುಕು ಬಿಡುವ ಸಂಭವ ಉಂಟು. ದಿನಾ ಕೆಲಸಕ್ಕೆ ಹೋಗುವ ಗಾಡಿಗೆ ನಡುವೆ ಗಾಳಿಯಾಡುವ ಸಾದಾ ಡಿಸ್ಕೇ ಸಾಕು.

ಪ್ಯಾಡ್ ಕೊಳ್ಳುವಾಗ ಡಬ್ಬಿಗಿಂತ ಪ್ಯಾಡಿನ ಅಂಚನ್ನು ಓದಬೇಕು. ಅಲ್ಲಿ ಇಂಗ್ಲಿಷಿನ ಎರಡು ಅಕ್ಷರ ಇರುತ್ತವೆ. ಮೊದಲನೆಯದು ಪ್ಯಾಡ್ ತಣ್ಣಗಿರುವಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ ಘರ್ಷಣೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಎಫ್ಇ ಇದ್ದರೆ ಬಿಸಿಯಾದಂತೆ ಹಿಡಿತ ಇಳಿಯುತ್ತದೆ ಅಂತ ಅರ್ಥ, ಗುಡ್ಡ ಇಳಿಯುವವರಿಗೆ ಅದು ಬೇಡ. ಇನ್ನೊಂದು ಗುರುತು ಯುರೋಪಿನ ಆರ್90. ವೃತ್ತದೊಳಗೆ ಇ, ಪಕ್ಕದಲ್ಲಿ ದೇಶದ ಅಂಕಿ. ಕಂಪನಿಯ ಮೂಲ ಪ್ಯಾಡಿಗೂ ಇದಕ್ಕೂ ಹಿಡಿತದ ಅಂತರ ನೂರಕ್ಕೆ ಹದಿನೈದು ಮೀರಬಾರದು ಎನ್ನುವ ಪರೀಕ್ಷೆ ಪಾಸಾಗಿದೆ ಅಂತ ಅದರ ಅರ್ಥ. ಐದು ರಿಯಾಲ್‌ನ ಪ್ಯಾಡಿನಲ್ಲಿ ಎರಡೂ ಇರಲಿಲ್ಲ. ಡಬ್ಬಿಯ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ "ಸೆರಾಮಿಕ್" ಅಂತ ಇತ್ತು. ಸೆರಾಮಿಕ್ ಸದ್ದು ಕಡಿಮೆ, ವೀಲಿಗೆ ಕಪ್ಪು ಧೂಳೂ ಕಡಿಮೆ, ಸರಿ. ಆದರೆ ಆ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಕಾರು ಕಂಪನಿಗಳಿಗೇ ಸರಬರಾಜು ಮಾಡುವ ಅಡ್ವಿಕ್ಸ್, ಅಕೆಬೊನೊ ತರಹದವರ ಪ್ಯಾಡು ಶೋರೂಮಿಗಿಂತ ಅಗ್ಗಕ್ಕೆ ಸಿಗುತ್ತದೆ. ನಾವು ಎಫ್ಎಫ್ ಗುರುತಿನ ಹದಿನೈದು ರಿಯಾಲ್‌ನದ್ದು ಆರಿಸಿದೆವು.

ಅಲ್ಲಿಯೇ ಜಗಳ ಶುರುವಾಗಿದ್ದು. ಡಿಸ್ಕ್ 36, ಪ್ಯಾಡ್ 15, ಕೂಲಿ ಮತ್ತು ಬ್ರೇಕ್ ಆಯಿಲ್ 11, ಒಟ್ಟು 62 ರಿಯಾಲ್. ನಮ್ಮಲ್ಲಿ ಹಿರಿಯರಾದ ಕುಂದಾಪುರದವರು ಹತ್ತೊಂಬತ್ತು ವರ್ಷ ದುಡಿದು, ಇನ್ನು ಮೂರೇ ತಿಂಗಳಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವರು. ಒಂದೊಂದು ರಿಯಾಲೂ ಮನೆಯ ಛಾವಣಿಗೆ ಅಂತ ಎತ್ತಿಟ್ಟಿದ್ದಾರೆ. "ಮೂರು ತಿಂಗಳಿಗೆ ನಾನ್ಯಾಕೆ ಮಾರಾಯ್ರೆ ಹದಿನೈದೂವರೆ ರಿಯಾಲ್ ಕೊಡೋದು? ಅಗ್ಗದ್ದೇ ಹಾಕಿ, ನಾ ಹೋದ ಮೇಲೆ ಬೇಕಾದ್ದು ಹಾಕ್ಕೊಳ್ಳಿ" ಅಂದರು. ಪುತ್ತೂರಿನವನಿಗೆ ಸಿಟ್ಟು ಬಂತು. ಶುಕ್ರವಾರ ಅವನ ಹೆಂಡತಿ, ಎರಡು ವರ್ಷದ ಮಗು ಅದೇ ಗಾಡಿಯಲ್ಲಿ ಕೂರುತ್ತಾರೆ. ರೂಮಿನಲ್ಲಿ ಎರಡು ದಿನ ಮಾತಿಲ್ಲ, ಸಾರಿಗೆ ಉಪ್ಪು ಸಾಲದಿದ್ದರೂ ಯಾರೂ ಹೇಳಲಿಲ್ಲ.

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ತಪ್ಪಿದ್ದದ್ದು ನಾಲ್ಕರಿಂದ ಭಾಗಿಸುವ ಕ್ರಮದಲ್ಲಿ. ನಮ್ಮ ನಾಲ್ವರಲ್ಲಿ ಬಿ.ಕಾಂ. ಒಂದೇ, ಹಾಗಾಗಿ ಪೆನ್ನು ಈ ಕೈಗೆ ಬಂತು. ಡಿಸ್ಕ್ ಖರ್ಚಲ್ಲ, ಆಸ್ತಿ. ಆಸ್ತಿಗೆ ಸವಕಳಿ ಹಾಕಬೇಕು. ಡಿಸ್ಕಿಗೆ 90,000 ಕಿ.ಮೀ., ಪ್ಯಾಡ್ ಮತ್ತು ಕೂಲಿಗೆ 45,000 ಅಂತ ಆಯುಸ್ಸು ಇಟ್ಟೆವು. ಗಾಡಿ ತಿಂಗಳಿಗೆ 1,300 ಕಿ.ಮೀ. ಓಡುತ್ತದೆ, ಮೂರು ತಿಂಗಳಿಗೆ 3,900. ಅಷ್ಟು ದೂರಕ್ಕೆ ಡಿಸ್ಕಿನ ಸವಕಳಿ 1,560 ಬೈಸ, ಪ್ಯಾಡಿನದು 1,300, ಕೂಲಿ ಮತ್ತು ಆಯಿಲಿನದು 953. ಒಟ್ಟು 3,813. ಅದರಲ್ಲಿ ಕಾಲು ಪಾಲು 953 ಬೈಸ. ಒಂದು ರಿಯಾಲೂ ಇಲ್ಲ!

ಹಿರಿಯರು ಚೀಟಿಯನ್ನು ಎರಡು ಸಲ ಓದಿದರು. "ಇದನ್ನು ಮೊದಲೇ ಹೇಳಿದ್ರೆ ನಾ ಬಾಯಿ ಬಿಡ್ತಿರಲಿಲ್ಲ" ಅಂತ ಒಂದು ರಿಯಾಲ್ ನೋಟು ಇಟ್ಟು, ಚಿಲ್ಲರೆ ಬೇಡ ಅಂದರು. ಆ ಸಂಜೆ ಬಂಗಡೆ ಸಾರು ಅವರದ್ದೇ ಕೈ ಅಡುಗೆ.

ಹಾಕಿಸುವಾಗ ಮುಂದೆ ನಿಂತು ನೋಡಿದೆವು, ನೀವೂ ನಿಲ್ಲಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ತೊಳೆಯದೆ ಹಾಕಿದರೆ ಹೊಸ ಪ್ಯಾಡ್ ಎಣ್ಣೆ ಕುಡಿದು ಹಾಳಾಗುತ್ತದೆ. ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ಬ್ರಷ್ಷಿನಿಂದ ಉಜ್ಜಬೇಕು, ಒಂದು ಚಕ್ಕೆ ಉಳಿದರೂ ಡಿಸ್ಕ್ ಓರೆಯಾಗಿ ಕೂತು ಮತ್ತೆ ನಡುಕ ಶುರು. ಎಡ ಬಲ ಎರಡೂ ಒಟ್ಟಿಗೆ ಬದಲಾಯಿಸಬೇಕು. ಹಿಂದಿನದು ಡ್ರಮ್, ಶೂ ಇನ್ನೂ ಚೆನ್ನಾಗಿದೆ, ಅದರ ತಂಟೆಗೆ ಹೋಗಲಿಲ್ಲ.

ಅದಾದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಟ್ಟು ಹತ್ತು ಸಲ ಬ್ರೇಕ್ ಹಾಕಿ ಪಳಗಿಸಿದೆವು. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರೋದು ಆಗಲೇ. ಗುಡ್ಡ ಇಳಿಸಿದ್ದು ಕುಂದಾಪುರದವರೇ. ಸ್ಟೀರಿಂಗ್ ಅಲುಗಲಿಲ್ಲ.

ಈಗ ಅವರ ಸೀಟಿಗೆ ಒಬ್ಬರು ಬೇಕು. ಅಮೆರಾತ್‌ನಿಂದ ಘಲಾ ಕಡೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ. ಚೀಟಿ ಮುಲ್ಕಿಯಾ ಜೊತೆಗೇ ಇದೆ, ಡಿಸ್ಕಿನ ಉಳಿದ ಪಾಲು ಕೊಟ್ಟು ಬರಬೇಕು.